ಪ್ರಾಮಾಣಿಕತೆಗೆ 50ಕ್ಕೆ 46: ಒಂದು ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷ

ಮಂಗಳೂರು ತಾಲೂಕಿನ ಒಂದು ಇಗರ್ಜಿಯ, ಅಂದರೆ ಚರ್ಚಿನ, ಆವರಣದಲ್ಲಿ, ಕ್ರೈಸ್ತ ಭಗಿನಿಯರ ಸಂಸ್ಥೆಯೊಂದು ನಡೆಸುವ ಅನುದಾನಿತ ಕನ್ನಡ ಮಾಧ್ಯಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಗಳು 2018ರಿಂದ 2025ರವರೆಗೆ, ಒಂದನೆಯ ತರಗತಿಯಿಂದ ಏಳನೆಯದರವರೆಗೆ ಓದಿದಳು. ನಾವು ಕ್ರೈಸ್ತರಲ್ಲ, ಮನೆಮಾತು ತುಳು. ನಡೆದುಹೋಗುವಷ್ಟು ಹತ್ತಿರ ಎಂಬುದು ಆ ಶಾಲೆಯನ್ನು ಆರಿಸಿಕೊಳ್ಳಲು ಮೊದಲ ಕಾರಣ, ಸಿಸ್ಟರ್‌ಗಳ ಶಾಲೆಯಲ್ಲಿ ಶಿಸ್ತು ಇರುತ್ತದೆ ಎಂಬ ಊರಿನ ಮಾತು ಎರಡನೆಯದು. ಈಗ ಕಿರಿಯ ಮಗನನ್ನೂ ಅಲ್ಲಿಗೇ ಸೇರಿಸುವ ಹೊತ್ತು ಬಂದಿರುವುದರಿಂದ, ಆ ಶಾಲೆ ನಿಜವಾಗಿ ಏನನ್ನು ಕಲಿಸುತ್ತದೆ, ಗೋಡೆಯ ಮೇಲೆ ಬರೆಸಿಕೊಂಡಿರುವ ಮೌಲ್ಯಗಳನ್ನು ಎಷ್ಟರಮಟ್ಟಿಗೆ ಪಾಲಿಸುತ್ತದೆ ಎಂಬುದನ್ನು ಒಬ್ಬ ತಂದೆಯ ಕಣ್ಣಿನಿಂದ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜತೆಗೆ ದೂರುಗಳೂ ಇರುವುದರಿಂದ ಶಾಲೆಯ ಹೆಸರನ್ನು ಹೇಳುವುದಿಲ್ಲ. ಕರಾವಳಿಯಲ್ಲಿ ಮಕ್ಕಳನ್ನು ಇಂಥ ಶಾಲೆಗೆ ಕಳುಹಿಸಿದ ಯಾರಿಗಾದರೂ ಇಲ್ಲಿಯ ಅರ್ಧದಷ್ಟಾದರೂ ಪರಿಚಿತವೆನಿಸಬಹುದು.

ಕ್ರೈಸ್ತ ಶಾಲೆ ಎಂಬುದು ನಮ್ಮ ಕಡೆಯವರಿಗೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಬಂದದ್ದು 1870ರಲ್ಲಿ, ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜನ್ನು ತೆರೆದದ್ದು 1880ರಲ್ಲಿ. ಬೆಥನಿ ಭಗಿನಿಯರ ಸಂಸ್ಥೆಯಂತೂ 1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿತು. ಆದ್ದರಿಂದ ಇಲ್ಲಿ ಅಕ್ಷರ ಕಲಿತ ಅಜ್ಜಿಯಂದಿರನ್ನು ಕೇಳಿದರೆ, ಅವರು ಯಾವ ಧರ್ಮದವರೇ ಆಗಿರಲಿ, ಅನೇಕರು ಇಂಥದ್ದೊಂದು ಶಾಲೆಯ ಬೆಂಚಿನ ನೆನಪು ಹೇಳುತ್ತಾರೆ. ನನ್ನ ತಾಯಿಯವರೂ ಹೀಗೆಯೇ ಓದಿದವರು; ಮೊಮ್ಮಗಳ ನೋಟುಪುಸ್ತಕ ತೆರೆದು ಅಕ್ಷರದ ಓಟ ನೋಡಿ, "ಇದು ಸಿಸ್ಟರ್‌ಗಳ ಅಕ್ಷರ" ಎಂದು ಗುರುತು ಹಿಡಿಯುತ್ತಾರೆ.

ಪಠ್ಯಕ್ರಮದ ವಿಷಯದಲ್ಲಿ ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕಾಗುತ್ತದೆ. ಇಂಥ ಶಾಲೆಗೆ ಪ್ರತ್ಯೇಕವಾದ ಕ್ರೈಸ್ತ ಪಠ್ಯಕ್ರಮವೆಂಬುದು ಇಲ್ಲ. ಅನುದಾನಿತ ಶಾಲೆಯಾದ್ದರಿಂದ ಪುಸ್ತಕಗಳು ರಾಜ್ಯ ಸರ್ಕಾರದವೇ: ಕನ್ನಡ, ಗಣಿತ, ಪರಿಸರ ಅಧ್ಯಯನ, 2007-08ರಿಂದ ಒಂದನೆಯ ತರಗತಿಗೇ ಬಂದ ಇಂಗ್ಲಿಷ್, ಆರನೆಯ ತರಗತಿಯಿಂದ ಹಿಂದಿ, ವಿಜ್ಞಾನ ಮತ್ತು ಸಮಾಜ ವಿಜ್ಞಾನ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳೂ ಬೇರೆಲ್ಲ ಶಾಲೆಗಳಂತೆಯೇ ನಡೆಯುತ್ತವೆ. ವ್ಯತ್ಯಾಸವಿರುವುದು ಆ ಪುಸ್ತಕಗಳಿಗೆ ಕೊಡುವ ಸಮಯದಲ್ಲಿ ಮತ್ತು ಹಠ ಹಿಡಿದು ಮಾಡಿಸುವ ಪುನರಾವರ್ತನೆಯಲ್ಲಿ. ದಿನಕ್ಕೊಂದು ಪುಟ ಕಾಪಿ ಬರಹ, ವಾರಕ್ಕೆರಡು ಉಕ್ತಲೇಖನ, ನಾಲ್ಕನೆಯ ತರಗತಿ ಮುಗಿಯುವುದರೊಳಗೆ ಇಪ್ಪತ್ತರವರೆಗೆ ಮಗ್ಗಿ, ಶುಕ್ರವಾರ ವಾಚನಾಲಯದಿಂದ ಒಂದು ಪುಸ್ತಕ, ಸೋಮವಾರ ಆ ಪುಸ್ತಕದ ಕಥೆಯನ್ನು ನಿಂತು ಹೇಳುವುದು. ಹಳೆಯ ಕಾಲದ ಕ್ರಮವೆಂದು ಮೂಗು ಮುರಿಯುವವರಿದ್ದಾರೆ. ನಾನೂ ಮೊದಲ ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಐದನೆಯ ತರಗತಿಯಲ್ಲಿ ಮಗಳು ದಿನಪತ್ರಿಕೆಯ ಸಂಪಾದಕೀಯವನ್ನು ಎಲ್ಲೂ ತಡವರಿಸದೆ ಅಜ್ಜಿಗೆ ಓದಿ ಹೇಳತೊಡಗಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಕನ್ನಡ ಕಲಿಕೆಯೇ ಈ ಶಾಲೆಯ ನಿಜವಾದ ಬಲ. ಮಗಳ ತರಗತಿಯಲ್ಲಿದ್ದವರಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಮನೆಯಲ್ಲೂ ಕನ್ನಡವನ್ನೇ ಆಡುತ್ತಿದ್ದವರೆಂದರೆ ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳ ನಾಲ್ಕೈದು ಮಕ್ಕಳು ಮಾತ್ರ. ಮೊದಲ ತಿಂಗಳಲ್ಲಿ ಅವರ "ಹೌದ್ರಿ", "ಬರಂಗಿಲ್ರಿ" ಕೇಳಿ ಉಳಿದವರು ನಗುತ್ತಿದ್ದರಂತೆ. ಒಂದನೆಯ ತರಗತಿಯ ಟೀಚರ್ ನಗುವವರನ್ನು ಗದರಿಸಲಿಲ್ಲ. ಬದಲಾಗಿ ಪಾಠದ ಕಥೆಯನ್ನು ಆ ಮಕ್ಕಳಿಂದ ಅವರದೇ ಕನ್ನಡದಲ್ಲಿ ಹೇಳಿಸಿ, ಕರಾವಳಿಯ ಮಕ್ಕಳಿಗೆ ತಿಳಿಯದ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತ ಹೋದರು. ತಿಂಗಳ ಕೊನೆಗೆ ಹಲಗೆಯ ಒಂದು ಮೂಲೆ ಅಂಥ ಪದಗಳಿಂದ ತುಂಬಿತ್ತು. ಇದು ಯಾವ ಪಠ್ಯಕ್ರಮದಲ್ಲೂ ಇಲ್ಲದ ಪಾಠ, ಮೌಲ್ಯಶಿಕ್ಷಣದ ಪುಸ್ತಕದಲ್ಲಿಯೂ ಇಲ್ಲದ್ದು.

ಪರಿಸರ ಅಧ್ಯಯನ ಮತ್ತು ವಿಜ್ಞಾನದ ಬಗ್ಗೆ ಇಷ್ಟೇ ಉತ್ಸಾಹದಿಂದ ಹೇಳಲಾರೆ. ಶಾಲೆಯ ಹಿತ್ತಿಲಲ್ಲೇ ಹಲಸು, ಪುನರ್ಪುಳಿ, ಬಾವಿ ಮತ್ತು ಗೆದ್ದಲ ಹುತ್ತ ಇರುವಾಗ, ಎಲೆಯ ಭಾಗಗಳನ್ನು ಪುಸ್ತಕದ ಚಿತ್ರದಿಂದ ನಕಲು ಮಾಡಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ವಿಜ್ಞಾನದ ಉಪಕರಣಗಳಿರುವ ಗಾಜಿನ ಕಪಾಟಿನ ಕೀಲಿ ಮುಖ್ಯ ಶಿಕ್ಷಕಿಯವರ ಮೇಜಿನ ಡ್ರಾಯರ್‌ನಲ್ಲಿ ಇರುತ್ತದೆ, ಬಹುಪಾಲು ದಿನ ಅಲ್ಲಿಯೇ ಇರುತ್ತದೆ. ಇಂಗ್ಲಿಷ್ ಪಾಠ ಪದ್ಯ ಬಾಯಿಪಾಠ ಮಾಡುವ ಮಟ್ಟದಲ್ಲಿಯೇ ನಿಲ್ಲುತ್ತದೆ. ಪ್ರೌಢಶಾಲೆಗೆ ಹೋದಾಗ ಮಗಳು ಇದರಿಂದ ಒಂದಷ್ಟು ಕಷ್ಟಪಟ್ಟಳು. ಇದಕ್ಕೆ ಸಂಸ್ಥೆಯೊಂದನ್ನೇ ದೂರುವುದು ನ್ಯಾಯವಲ್ಲ, ಏಕೆಂದರೆ ನಿವೃತ್ತರಾದ ಅನುದಾನಿತ ಶಿಕ್ಷಕರ ಜಾಗಗಳು ತುಂಬದೆ, ಆಡಳಿತ ಮಂಡಳಿ ತನ್ನ ಕೈಯಿಂದ ಸಂಬಳ ಕೊಡುವ ಗೌರವ ಶಿಕ್ಷಕಿಯರೇ ಅರ್ಧದಷ್ಟು ತರಗತಿಗಳನ್ನು ನಡೆಸುತ್ತಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಮಗಳಿಗೆ ಸಿಕ್ಕ ಅತ್ಯುತ್ತಮ ಗಣಿತ ಶಿಕ್ಷಕಿ. ಎರಡು ವರ್ಷ ಕಲಿಸಿ, ಸರ್ಕಾರಿ ಕೆಲಸ ಸಿಕ್ಕಿದೊಡನೆ ಹೋದರು.

ಇನ್ನು ಮೌಲ್ಯಗಳ ಮಾತು. ಶಾಲೆಯ ಮುಂಬಾಗಿಲ ಗೋಡೆಯ ಮೇಲೆ ಪ್ರೀತಿ, ಸೇವೆ, ಸತ್ಯ, ಕ್ಷಮೆ ಎಂಬ ನಾಲ್ಕು ಪದಗಳಿವೆ. ಬೆಳಗಿನ ಸಭೆಯಲ್ಲಿ ನಾಡಗೀತೆ, ಪ್ರಾರ್ಥನೆ, ಪತ್ರಿಕೆಯ ಮುಖ್ಯ ಸುದ್ದಿಗಳು, 2023ರ ಸರ್ಕಾರಿ ಆದೇಶದ ನಂತರ ಸಂವಿಧಾನದ ಪೀಠಿಕೆ, ಕೊನೆಗೆ ರಾಷ್ಟ್ರಗೀತೆ. ಪ್ರಾರ್ಥನಾಗೀತೆ ಕನ್ನಡದ್ದು, ಅದರಲ್ಲಿ ದೇವರನ್ನು ತಂದೆಯೆಂದು ಕರೆಯುತ್ತಾರೆ, ಹೆಸರು ಹೇಳುವುದಿಲ್ಲ. ಎಲ್ಲ ಮನೆಗಳ ಮಕ್ಕಳೂ ಅದನ್ನು ಹಾಡುತ್ತಾರೆ. ನಮ್ಮ ಕೆಲವು ನೆಂಟರಿಗೆ ಇದೇ ದೊಡ್ಡ ಪ್ರಶ್ನೆಯಾಗಿತ್ತು. ಮಗು ಮತಾಂತರದ ದಾರಿ ಹಿಡಿಯುತ್ತದೆಯೇ ಎಂದು ಕೇಳಿದವರಿಗೆ ನಾನು ಏಳು ವರ್ಷದ ಅನುಭವದಿಂದ ಹೇಳಬಹುದಾದ ಉತ್ತರ ಬಹಳ ಚಿಕ್ಕದು: ಅಂಥದ್ದೇನೂ ಆಗಲಿಲ್ಲ, ಆಗುವ ಸೂಚನೆಯೂ ಕಾಣಲಿಲ್ಲ. ಗಣೇಶ ಚತುರ್ಥಿಯ ಮರುದಿನ ಡಬ್ಬಿಯಲ್ಲಿ ಕಳುಹಿಸಿದ ಪಂಚಕಜ್ಜಾಯವನ್ನು ಟೀಚರ್‌ಗಳೂ ಸಿಸ್ಟರ್‌ಗಳೂ ಹಂಚಿಕೊಂಡು ತಿಂದರು, ಡಿಸೆಂಬರಿನಲ್ಲಿ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ಪೊಟ್ಟಣ ನಮ್ಮ ಮನೆಗೆ ಬಂತು.

ಮಗಳು ಮೂರನೆಯ ತರಗತಿಗೆ ಬಂದದ್ದು 2020ರಲ್ಲಿ, ಶಾಲೆಗೆ ಬೀಗ ಬಿದ್ದಿದ್ದ ವರ್ಷ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆಂದು ತರಗತಿ ಶಿಕ್ಷಕಿ ಹಾಳೆಗಳನ್ನು ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿಸಿ, ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಮನೆಮನೆಗೆ ತಲುಪಿಸುತ್ತಿದ್ದರು. ಫೋನ್ ಇದ್ದ ನಮ್ಮ ಮನೆಗೂ ಬರುತ್ತಿದ್ದರು. ಕೇಳಿದ್ದಕ್ಕೆ, ಇದ್ದವರಿಗೊಂದು ಇಲ್ಲದವರಿಗೊಂದು ಮಾಡಿದರೆ ಮಕ್ಕಳಿಗೆ ಗೊತ್ತಾಗುತ್ತದೆ ಎಂದರು. ಗೋಡೆಯ ಮೇಲಿನ ನಾಲ್ಕು ಪದಗಳಲ್ಲಿ ಇದು ಯಾವುದಕ್ಕೆ ಸೇರುತ್ತದೆಯೋ ನನಗೆ ತಿಳಿಯದು.

ಇದೇ ಶಾಲೆಯಲ್ಲಿ ಮೌಲ್ಯಶಿಕ್ಷಣ ಎಂಬ ಹೆಸರಿನ ಪಿರಿಯಡ್ ಒಂದಿದೆ. ನನ್ನ ಮುಖ್ಯ ದೂರು ಅದರ ಬಗ್ಗೆಯೇ. ವಾರದ ಒಂದು ದಿನ ಕೊನೆಯ ಅವಧಿಗೆ ಗಂಟೆ ಬಾರಿಸಿದಾಗ ಕ್ಯಾಥೊಲಿಕ್ ಮಕ್ಕಳು ಪುಸ್ತಕ ಎತ್ತಿಕೊಂಡು ಧರ್ಮೋಪದೇಶಕ್ಕೆಂದು ಸಭಾಂಗಣಕ್ಕೆ ಹೋಗುತ್ತಾರೆ. ಉಳಿದವರು ತರಗತಿಯಲ್ಲೇ ಕೂತು ಮೌಲ್ಯಶಿಕ್ಷಣ ಕಲಿಯಬೇಕು. ಈ ವಿಂಗಡಣೆಗೆ ಕಾನೂನಿನ ಆಧಾರವಿದೆ. ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆಯುವ ಸಂಸ್ಥೆಯಲ್ಲಿ ಯಾವ ಮಗುವನ್ನೂ ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು 28ನೆಯ ವಿಧಿಯ ಮೂರನೆಯ ಉಪವಿಧಿ ಹೇಳುತ್ತದೆ. ಪ್ರವೇಶದ ಅರ್ಜಿಯಲ್ಲಿಯೇ ಇದಕ್ಕೊಂದು ಅಂಕಣವಿದೆ, ನಮ್ಮಿಂದ ಸಹಿ ಮಾಡಿಸಿಕೊಂಡರು. ಅಷ್ಟರಮಟ್ಟಿಗೆ ಶಾಲೆಯ ನಡೆ ಪ್ರಾಮಾಣಿಕವಾದದ್ದು ಎಂದೇ ಹೇಳಬೇಕು.

ತೊಂದರೆ ಇರುವುದು ಸಭಾಂಗಣದಲ್ಲಲ್ಲ, ತರಗತಿಯಲ್ಲಿ. ಧರ್ಮೋಪದೇಶಕ್ಕೆ ತರಬೇತಾದ ಸಿಸ್ಟರ್ ಇದ್ದಾರೆ, ಹಾಡಿದೆ, ಚಿತ್ರವಿದೆ, ಡಿಸೆಂಬರಿನಲ್ಲಿ ನಾಟಕವಿದೆ. ಮೌಲ್ಯಶಿಕ್ಷಣಕ್ಕೆ ಇರುವುದು ಒಂದು ತೆಳ್ಳನೆಯ ಪುಸ್ತಕ ಮತ್ತು ಆ ಹೊತ್ತಿಗೆ ಕೈ ಖಾಲಿ ಇರುವ ಯಾರಾದರೊಬ್ಬ ಶಿಕ್ಷಕಿ. ಅರ್ಧ ತರಗತಿ ಹೊರಗೆ ಹೋಗಿರುವುದರಿಂದ ಹೊಸ ಪಾಠ ಮಾಡುವಂತಿಲ್ಲ. ಹಾಗಾಗಿ ಲೆಕ್ಕದ ಅಭ್ಯಾಸ ಮುಗಿಸುವುದು, ನೋಟುಪುಸ್ತಕ ತಿದ್ದುವುದು, ಪ್ರತಿಭಾ ಕಾರಂಜಿ ಹತ್ತಿರ ಬಂದರೆ ಮಕ್ಕಳನ್ನು ನೃತ್ಯಾಭ್ಯಾಸಕ್ಕೆ ಕಳುಹಿಸುವುದು ನಡೆಯುತ್ತದೆ. ಆರನೆಯ ತರಗತಿಯ ವರ್ಷ ಮಗಳ ಪುಸ್ತಕದಲ್ಲಿ ಹದಿನಾರು ಪಾಠಗಳಿದ್ದವು, ಮುಗಿದವು ಐದು. ಆದರೂ ವರ್ಷಾಂತ್ಯದ ಪರೀಕ್ಷೆ ಮಾತ್ರ ತಪ್ಪಲಿಲ್ಲ. "ಸುಳ್ಳು ಹೇಳುವುದರಿಂದ ____ ಕಳೆದುಕೊಳ್ಳುತ್ತೇವೆ" ಎಂಬಂಥ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು. ಪರೀಕ್ಷೆಯ ಹಿಂದಿನ ದಿನ ಉತ್ತರಗಳನ್ನೆಲ್ಲ ಹಲಗೆಯ ಮೇಲೆ ಬರೆದು ನಕಲು ಮಾಡಿಸಿದರು. ಪ್ರಾಮಾಣಿಕತೆಯೇ ಮುಖ್ಯ ಪಾಠವಾಗಿದ್ದ ಆ ಪರೀಕ್ಷೆಯಲ್ಲಿ ಮಗಳಿಗೆ 50ಕ್ಕೆ 46 ಬಂತು. ಕಳೆದುಹೋದ ನಾಲ್ಕು ಅಂಕಗಳ ಬಗ್ಗೆ ಮನೆಯಲ್ಲಿ ಬಹಳ ದಿನ ತಮಾಷೆ ನಡೆಯಿತು.

ಮಗಳು ಅದೇ ವರ್ಷ ಕೇಳಿದ ಒಂದು ಪ್ರಶ್ನೆ ತಮಾಷೆಯದಲ್ಲ. ಒಳ್ಳೆಯ ಸಮಾರ್ಯದವನ ಕಥೆಯನ್ನು ಆಕೆ ಕೇಳಿದ್ದು ಸಭಾಂಗಣದಿಂದ ಬಂದ ಗೆಳತಿಯಿಂದ. ಸಿಸ್ಟರ್ ಆ ಕಥೆಯನ್ನು ಯೆರೂಸಲೇಮಿನಿಂದ ಎತ್ತಿ ಮೂಡುಬಿದಿರೆಯ ರಸ್ತೆಗೆ ತಂದಿದ್ದರಂತೆ: ಬೈಕಿನಿಂದ ಬಿದ್ದು ರಕ್ತ ಸುರಿಸುತ್ತಿದ್ದವನನ್ನು ಕಂಡೂ ಕಾಣದಂತೆ ಮೊದಲು ಹೋದವರು ಪಾದ್ರಿಗಳು, ಆಮೇಲೆ ಹೋದವರು ಇಗರ್ಜಿಯಲ್ಲಿ ಹಾಡುವವರು, ನಿಲ್ಲಿಸಿ ಎತ್ತಿಕೊಂಡು ಹೋದವನು ಆ ಊರಿನವನೇ ಅಲ್ಲದ, ಬೇರೆ ಧರ್ಮದ ರಿಕ್ಷಾ ಡ್ರೈವರ್. ತನ್ನದೇ ಮಂದಿಯನ್ನು ಕಥೆಯಲ್ಲಿ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿ ಮಕ್ಕಳಿಗೆ ಹೇಳುವ ಧೈರ್ಯವನ್ನು ನಾನು ಬಹಳ ಮೆಚ್ಚಿದೆ. "ರಿಕ್ಷಾದವರ ಕಥೆಯನ್ನು ರಿಕ್ಷಾದವರ ಮಕ್ಕಳಿಗೆ ಯಾಕೆ ಹೇಳುವುದಿಲ್ಲ?" ಎಂದು ಮಗಳು ಕೇಳಿದಳು. ಅವಳ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯ ತಂದೆ ರಿಕ್ಷಾ ಓಡಿಸುತ್ತಾರೆ, ಅವರು ಬ್ಯಾರಿಗಳು, ಅಂದರೆ ಕರಾವಳಿಯ ಮುಸ್ಲಿಮರು. ಶಿಕ್ಷಕ-ರಕ್ಷಕ ಸಂಘದ ಸಭೆಯಲ್ಲಿ ನಾನು ಇದನ್ನು ಹಾಗೆಯೇ ಎತ್ತಿದೆ. ಧರ್ಮೋಪದೇಶವನ್ನು ಎಲ್ಲರಿಗೂ ಮಾಡಿ ಎಂದು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಅದೇ ಸಿಸ್ಟರ್ ತಿಂಗಳಿಗೊಮ್ಮೆ ಈ ಕಡೆಯ ತರಗತಿಗೂ ಬಂದು, ಯಾವ ಧರ್ಮದ ಕಥೆಯನ್ನಾದರೂ ಸರಿ, ಅಷ್ಟೇ ಆಸ್ಥೆಯಿಂದ ಹೇಳಲಿ ಎಂದೆ. ಸಿಸ್ಟರ್ ಒಪ್ಪಿದರು. ಎರಡು ತಿಂಗಳು ಬಂದರು, ಮೂರನೆಯ ತಿಂಗಳು ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಎರಡನೆಯ ದೂರು ತಪಸ್ಸಿನ ಕಾಲದ ಡಬ್ಬಿಯದು. ಈಸ್ಟರ್‌ಗೆ ಮುಂಚಿನ 40 ದಿನಗಳಲ್ಲಿ ಪ್ರತಿ ತರಗತಿಯಲ್ಲೂ ಒಂದು ಡಬ್ಬಿ ಇಡುತ್ತಾರೆ. ಮಕ್ಕಳು ಮಿಠಾಯಿಯ ದುಡ್ಡನ್ನು ಉಳಿಸಿ ಅದಕ್ಕೆ ಹಾಕಬೇಕು, ಸಂಗ್ರಹವಾದ ಹಣ ಅನಾಥಾಶ್ರಮ, ವೃದ್ಧಾಶ್ರಮಗಳಿಗೆ ಹೋಗುತ್ತದೆ. ಯೋಚನೆ ಸುಂದರವಾದದ್ದು. ಆದರೆ ಪ್ರತಿ ಸೋಮವಾರದ ಸಭೆಯಲ್ಲಿ ಯಾವ ತರಗತಿಯ ಡಬ್ಬಿಯಲ್ಲಿ ಎಷ್ಟು ರೂಪಾಯಿ ಎಂದು ಓದಿ ಹೇಳಿ, ಹೆಚ್ಚು ಹಾಕಿದ ತರಗತಿಗೆ ಚಪ್ಪಾಳೆ ತಟ್ಟಿಸುತ್ತಿದ್ದರು. ಎಡಗೈಗೆ ತಿಳಿಯದಂತೆ ಬಲಗೈ ದಾನ ಮಾಡಬೇಕೆಂಬ ಯೇಸುವಿನ ಬೋಧನೆಯನ್ನು ಅದೇ ಶಾಲೆಯ ಕಾರಿಡಾರಿನ ಹಲಗೆಯಲ್ಲಿ ನಾನೇ ಓದಿದ್ದೆ. ಪರಿಣಾಮವಾಗಿ ಮಿಠಾಯಿ ಬಿಡುವ ಮಾತು ಹಿಂದೆ ಸರಿದು, ಅಪ್ಪನ ಜೇಬಿನಿಂದ ನೂರರ ನೋಟು ತರುವ ಪೈಪೋಟಿ ಶುರುವಾಯಿತು. ದಿನಗೂಲಿಯ ಮನೆಗಳ ಮಕ್ಕಳು ಸೋಮವಾರ ಹೊಟ್ಟೆನೋವೆಂದು ಉಳಿಯತೊಡಗಿದರು. ಮುಖ್ಯ ಶಿಕ್ಷಕಿಯವರಿಗೆ ಪತ್ರ ಬರೆದು, ಆ ಹಲಗೆಯ ವಾಕ್ಯವನ್ನೇ ನೆನಪಿಸಿದೆ. ಮರುವರ್ಷದಿಂದ ತರಗತಿವಾರು ಘೋಷಣೆ ನಿಂತಿತು, ಇಡೀ ಶಾಲೆಯ ಒಟ್ಟು ಮೊತ್ತ ಮತ್ತು ಅದರಿಂದ ಕೊಂಡ ಹಾಸಿಗೆ, ಹೊದಿಕೆಗಳ ಲೆಕ್ಕ ಸೂಚನಾ ಫಲಕದಲ್ಲಿ ಬಂತು. ಹೇಳಿದ್ದನ್ನು ಕೇಳಿಸಿಕೊಳ್ಳುವ ಗುಣ ಈ ಶಾಲೆಗಿದೆ ಎಂದು ನನಗನ್ನಿಸಿದ್ದು ಆಗ.

ತುಳುವಿನ ವಿಷಯದಲ್ಲಿ ಮಾತ್ರ ಅದು ಕೇಳಿಸಿಕೊಳ್ಳಲಿಲ್ಲ. ಆವರಣದೊಳಗೆ ಕನ್ನಡ ಅಥವಾ ಇಂಗ್ಲಿಷ್ ಮಾತ್ರ ಆಡಬೇಕೆಂಬ ನಿಯಮವಿದೆ. ಆಟದ ಬಯಲಿನಲ್ಲಿ ತುಳು ಆಡಿ ಸಿಕ್ಕಿಬಿದ್ದ ಮಗಳು ಒಮ್ಮೆ ಐವತ್ತು ಸಲ ತಪ್ಪೊಪ್ಪಿಗೆ ಬರೆದಳು. ಕನ್ನಡ ಕಲಿಯಲೆಂಬ ಉದ್ದೇಶ ಅರ್ಥವಾಗುತ್ತದೆ, ಆ ಕಲಿಕೆಯ ಫಲವನ್ನು ಮೇಲೆ ಹೊಗಳಿದ್ದೇನೆ. ಆದರೆ ಇದೇ ಮಂಗಳೂರಿನಲ್ಲಿ ಮಿಷನರಿ ಮ್ಯಾನರ್ ತುಳು–ಇಂಗ್ಲಿಷ್ ನಿಘಂಟನ್ನು 1886ರಲ್ಲಿ ಹೊರತಂದರು. ಅದಕ್ಕೂ ಮುಂಚೆ, 1872ರಲ್ಲಿ, ಬ್ರಿಗೆಲ್ ಅವರ ತುಳು ವ್ಯಾಕರಣ ಅಚ್ಚಾಗಿತ್ತು. ಅವರು ಪ್ರೊಟೆಸ್ಟೆಂಟರು, ಇವರು ಕ್ಯಾಥೊಲಿಕರು, ಸಭೆ ಬೇರೆ ಎಂಬುದು ಗೊತ್ತಿದೆ. ಆದರೂ ಕ್ರೈಸ್ತ ಪಾದ್ರಿಗಳು ಕೂತು ಪದ ಪದ ಹೆಕ್ಕಿದ ಭಾಷೆಯನ್ನು ಕ್ರೈಸ್ತ ಶಾಲೆಯ ಬಯಲಿನಲ್ಲಿ ಆಡಿದ್ದಕ್ಕೆ ಶಿಕ್ಷೆಯೆಂಬುದು ನನಗೆ ಸರಿಕಾಣಲಿಲ್ಲ.

ಶಾಲೆ ತನ್ನ ಪೂರ್ತಿ ಚೆಲುವಿನಲ್ಲಿ ಕಾಣುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ. 8ನೆಯ ತಾರೀಕಿನ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಜನ್ಮದಿನಕ್ಕೆ, ಮುಂಚಿನ ಒಂಬತ್ತು ದಿನ ಮಕ್ಕಳು ಬೇಲಿಯ ಹೂ, ಹಿತ್ತಿಲ ಹೂ, ಗದ್ದೆಬದುವಿನ ಹೂ ಹೀಗೆ ಸಿಕ್ಕಿದ್ದನ್ನೆಲ್ಲ ತಟ್ಟೆಯಲ್ಲಿ ತರುತ್ತಾರೆ. ಇದು ಹೊಸ ತೆನೆಯ ಹಬ್ಬವೂ ಹೌದು. ತೆನೆ ಮನೆಗೆ ತಂದು ಹೊಸ ಅಕ್ಕಿ ಉಣ್ಣುವ ಪದ್ಧತಿ ತುಳುವರಲ್ಲೂ ಇರುವುದರಿಂದ ನಮ್ಮ ಮಗುವಿಗೆ ಇದು ಪರಕೀಯವಾಗಿ ತೋರಲೇ ಇಲ್ಲ. ಐದನೆಯ ತರಗತಿಯ ಟೀಚರ್ ಆ ವಾರ ಗದ್ದೆಗೆ ಕರೆದೊಯ್ದು ಭತ್ತದ ತೆನೆಯ ಕಾಳು ಎಣಿಸಿದರು, ಸರಾಸರಿ ತೆಗೆಸಿದರು, ಯಾರ ಮನೆಯಲ್ಲಿ ತೆನೆಯನ್ನು ಎಲ್ಲಿ ಕಟ್ಟುತ್ತಾರೆಂದು ಕೇಳಿ ಬರೆಸಿದರು. ಏಳು ವರ್ಷಗಳಲ್ಲಿ ಪರಿಸರ ಅಧ್ಯಯನ, ಗಣಿತ ಮತ್ತು ಮೌಲ್ಯಶಿಕ್ಷಣ ಮೂರೂ ಒಂದೇ ಜಾಗದಲ್ಲಿ ಕೂಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎರಡು ಗಂಟೆಯ ಕೆಲಸ, ಖರ್ಚು ಏನೂ ಇಲ್ಲ. ಅದನ್ನು ವರ್ಷಕ್ಕೆ ಹತ್ತು ಸಲ ಏಕೆ ಮಾಡಬಾರದೋ ಅರ್ಥವಾಗುವುದಿಲ್ಲ.

ಉಳಿದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ಮಧ್ಯಾಹ್ನದ ಊಟ ಸರ್ಕಾರದ ಅಕ್ಷರ ದಾಸೋಹದ್ದು, ಅಡುಗೆಮನೆ ಚೊಕ್ಕಟ. ಕುಚ್ಚಲಕ್ಕಿಗೆ ಒಗ್ಗಿದ ಮಕ್ಕಳು ಬೆಳ್ತಿಗೆ ಅನ್ನದ ಬಗ್ಗೆ ಗೊಣಗುವುದು ಎಲ್ಲ ಕಡೆಯ ಕಥೆ. ಶೌಚಾಲಯಗಳನ್ನು ಮೇಲಿನ ತರಗತಿಯ ಮಕ್ಕಳಿಂದ ತೊಳೆಸುವುದಿಲ್ಲ, ಅದಕ್ಕೆ ಆಯಾ ಇದ್ದಾರೆ. ತರಗತಿ ಮತ್ತು ಅಂಗಳ ಗುಡಿಸುವ ಸರದಿಯಲ್ಲಿ ಮಾತ್ರ ಹುಡುಗರೂ ಹುಡುಗಿಯರೂ ಸಮನಾಗಿ ಬರುತ್ತಾರೆ. ಕಟ್ಟಡ ಹಳೆಯದು, ಮಂಗಳೂರು ಹೆಂಚು, ಮಳೆಗಾಲದಲ್ಲಿ ಎರಡು ಕಡೆ ಸೋರುತ್ತದೆ. ಬೋಧನಾ ಶುಲ್ಕವಿಲ್ಲ, ಸಂಘದ ವಂತಿಗೆ ಇದೆ, ಕೊಡಲಾಗದವರನ್ನು ಪೀಡಿಸಿದ್ದು ನನ್ನ ಗಮನಕ್ಕೆ ಬಂದಿಲ್ಲ. ಕ್ರಿಸ್‌ಮಸ್‌ಗೆ ಉದ್ದನೆಯ ರಜೆ ಕೊಡಲು ದಸರಾ ರಜೆಯನ್ನು ಕಡಿತಗೊಳಿಸುತ್ತಾರೆ. ಹಬ್ಬಕ್ಕೆ ಊರಿಗೆ ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮಗುವಿಗೆ ಗಟ್ಟಿಯಾದ ಕನ್ನಡ, ಓದುವ ಅಭ್ಯಾಸ, ನಾಲ್ಕು ಬಗೆಯ ಮನೆಗಳ ಗೆಳೆಯರು ಸಿಕ್ಕಲಿ ಎನ್ನುವವರು ಧೈರ್ಯವಾಗಿ ಸೇರಿಸಬಹುದು. ಮೂರನೆಯ ತರಗತಿಗೇ ಇಂಗ್ಲಿಷ್ ಸರಾಗವಾಗಿ ಬರಬೇಕು ಎನ್ನುವವರಿಗೆ ಈ ಶಾಲೆ ಆಗುವುದಿಲ್ಲ. ಮಗನ ಅರ್ಜಿಯನ್ನು ನಾವು ಮಾರ್ಚ್ ತಿಂಗಳಲ್ಲಿ ಕೊಟ್ಟುಬಂದೆವು. ಅದರಲ್ಲಿ ಧರ್ಮೋಪದೇಶ, ಮೌಲ್ಯಶಿಕ್ಷಣ ಎಂಬ ಅದೇ ಎರಡು ಚೌಕಗಳಿದ್ದವು. ಎರಡನೆಯದಕ್ಕೆ ಗುರುತು ಹಾಕಿ, ಕೆಳಗೆ ಉಳಿದಿದ್ದ ಜಾಗದಲ್ಲಿ "ಈ ಅವಧಿಯನ್ನು ಗಣಿತಕ್ಕೆ ಕೊಡಬಾರದಾಗಿ ವಿನಂತಿ" ಎಂದು ಬರೆದೆ. ಹೊಸ ಮುಖ್ಯ ಶಿಕ್ಷಕಿ ಅದನ್ನು ಓದಿ ನಕ್ಕು, ನನ್ನ ವಾಕ್ಯದ ಮೇಲೆಯೇ ಶಾಲೆಯ ಮೊಹರನ್ನು ಒತ್ತಿ ಪ್ರತಿಯನ್ನು ಕೈಗಿತ್ತರು.